ಅರ್ಧ ಗಡ್ಡದ ಕತೆ

ದೇಶದ ಅಧ್ಯಕ್ಷರನ್ನು ಗುಂಡಿಟ್ಟು ಕೊಂದ ದಿನ ವರ್ಷವರ್ಷವೂ ಬರುತ್ತಿತ್ತು, ಬಂದಾಗಲೆಲ್ಲ ಆ ಕ್ಷೌರದಂಗಡಿಯಲ್ಲಿ ಅದೇ ಕತೆ. ಕೇಳಿ ಕೇಳಿ ಗೋಡೆಯ ಕನ್ನಡಿಗೂ ಬಾಯಿಪಾಠವಾಗಿರಬೇಕು. "ಅವತ್ತು ನೀವೆಲ್ಲಿದ್ರಿ?" ಎಂದು ಗಿರಾಕಿಯೊಬ್ಬ ಕೇಳುವುದೇ ತಡ, ಅಂಗಡಿಯ ಯಜಮಾನ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ ಶುರುಹಚ್ಚಿಕೊಳ್ಳುತ್ತಿದ್ದ.

ಒಬ್ಬನಿಗೆ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದನಂತೆ. ಅಷ್ಟರಲ್ಲಿ ರೇಡಿಯೋದಲ್ಲಿ ಸುದ್ದಿ. ಬೀದಿಯಲ್ಲಿ ಬೆಂಕಿ, ಗಲಾಟೆ, ಕರ್ಫ್ಯೂ. ಬಾಗಿಲೆಳೆದುಕೊಂಡು ಇಬ್ಬರೂ ಎರಡು ರಾತ್ರಿ ಅಂಗಡಿಯೊಳಗೇ ಕಳೆದರಂತೆ. "ಕೈಗೆ ತಗೊಂಡ ಮುಖ ಅರ್ಧಕ್ಕೆ ಬಿಡೋ ಪೈಕಿ ಅಲ್ಲಪ್ಪ ನಾನು. ಮೇಣದಬತ್ತಿ ಬೆಳಕಲ್ಲೇ ಇನ್ನೊಂದು ಕೆನ್ನೆ ಮುಗಿಸ್ದೆ!" ಎಂದಾಗ ಅಂಗಡಿಯೆಲ್ಲ ಗೊಳ್ಳೆಂದು ನಗುತ್ತಿತ್ತು.

ಹಿಂದುಗಡೆ ನೀರು ಕಾಯಿಸುವ ಹೆಂಡತಿಗೂ ಆ ಕತೆಯಲ್ಲೊಂದು ಮಾತಿತ್ತು. "ಬರ್ತಾರೆ ಅಂತ ನಾನು ಮನೆ ಬಾಗಿಲು ಅರ್ಧ ತೆರೆದೇ ಇಟ್ಟಿದ್ದೆ. ಹಾಳು ಗಾಳಿ ಬಂದು ಮುಚ್ಚಿಬಿಡ್ತು," ಎನ್ನುತ್ತಿದ್ದಳು. ಅದಕ್ಕೂ ನಗು.

ಆ ಬಾಗಿಲ ಹಿಂದೆ ತನ್ನ ಚೊಚ್ಚಲ ಕೂಸು ಯಾರ ಕೈಯೂ ಸೋಕದೆ ಹುಟ್ಟಿತು, ಅಳಲೇ ಇಲ್ಲ, ಅಂಗಡಿಯ ಟವೆಲಿನಲ್ಲೇ ಅದನ್ನು ಸುತ್ತಿಟ್ಟೆ ಎಂಬುದನ್ನು ಮಾತ್ರ ಅವಳು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಗಂಡನ ಮೇಲೆ ಸಿಟ್ಟೇ? ಛೆ, ಎಲ್ಲಾದರೂ ಉಂಟೇ! ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅವನೊಬ್ಬ ಹೇಗೆ ಬಂದಾನು? ಶಾಪವೆಲ್ಲ ಆ ಗುಂಡು ಹಾರಿಸಿದವನಿಗೆ. ಪ್ರತಿ ವರ್ಷ ಅವನ ಹೆಸರಿನಲ್ಲಿ ಎರಡು ಸಲ ನೆಟಿಗೆ ಮುರಿಯುತ್ತಿದ್ದಳು, ಒಂದು ಅಧ್ಯಕ್ಷರಿಗಾಗಿ, ಇನ್ನೊಂದು ಮಗಳಿಗಾಗಿ.

ಈ ಸಲ ಅದೇ ದಿನ ಬೆಳಗ್ಗೆ, ಗಂಡ ಕತ್ತಿಗೆ ಸಾಣೆ ಹಿಡಿಸಲು ಹೋಗಿದ್ದಾಗ, ಕೋಲೂರಿಕೊಂಡು ಒಬ್ಬ ಮುದುಕ ಬಂದ. ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿಕೊಂಡು ನಕ್ಕ.

"ನಾನ್ಯಾರು ಗೊತ್ತಾಯ್ತೇನಮ್ಮ? ಆ ಅರ್ಧ ಗಡ್ಡದೋನು!"

"ಅಯ್ಯಯ್ಯೋ, ನೀವಾ!" ಅವಳಿಗೆ ತವರಿನವರೇ ಬಂದಷ್ಟು ಸಂತೋಷವಾಯಿತು. "ಎರಡು ರಾತ್ರಿ ಇವ್ರ ಜೊತೆ ಇದ್ರಲ್ಲ, ಹೊಟ್ಟೆಗೇನು ಮಾಡಿದ್ರಿ ಪಾಪ?"

"ಎರಡು ರಾತ್ರಿನಾ? ಯಾರಮ್ಮ ಹೇಳಿದ್ದು? ರೇಡಿಯೋ ಕೇಳಿದ್ದೇ ತಡ, ಹೆಗಲ ಮೇಲಿದ್ದ ಟವೆಲ್ ಬಿಸಾಕಿ, 'ಮನೇಲಿ ಹೆಂಡ್ತಿಗೆ ದಿನ ತುಂಬಿದೆ' ಅಂತ ಎದ್ದುಬಿದ್ದು ಓಡ್ದ. ನಾನು ನೊರೆ ಒರೆಸ್ಕೊಂಡು ಅರ್ಧ ಗಡ್ಡದಲ್ಲೇ ಮನೆ ಸೇರ್ದೆ. ಒಂದಿನಾನೂ ಬೇಜಾರು ಮಾಡ್ಕೊಂಡಿಲ್ಲಮ್ಮ. ಗಂಡ ಅಂದ್ರೆ ಹಂಗಿರ್ಬೇಕು ಅಂತ ಕಂಡಕಂಡೋರಿಗೆಲ್ಲ ಹೇಳ್ಕೊಂಡು ಬಂದಿದೀನಿ." ಮುದುಕ ಮುಖವರಳಿಸಿ ಕೇಳಿದ, "ಏನು ಮಗು ಆಯ್ತಮ್ಮ ಅವತ್ತು?"

"ಹೆಣ್ಣು," ಎಂದಳು.

ಗಂಡ ಒಳಗೆ ಬಂದ. ಕುರ್ಚಿಯಲ್ಲಿದ್ದವನನ್ನು ನೋಡಿ, ಹೆಂಡತಿಯ ಮುಖ ನೋಡಿ, ಅವನ ಮುಖ ಕಪ್ಪಿಟ್ಟಿತು. "ಆ ಬಾಕಿ ಅರ್ಧ ಇವತ್ತು ಮುಗ್ಸಪ್ಪ," ಎಂದು ಮುದುಕ ಕತ್ತು ಚಾಚಿದ. ಇಡೀ ಆಯುಷ್ಯ ಯಾರ ಕೆನ್ನೆಯನ್ನೂ ಗೀರದ ಕೈ ಅವತ್ತು ಗೀರಿತು. ಮುದುಕ ಅದಕ್ಕೂ ನಕ್ಕು, ಹರಸಿ ಹೋದ.

ಅವಳು ಅಂಗಡಿಯ ಬಾಗಿಲೆಳೆದಳು.

"ಎಲ್ಲಿದ್ರಿ?"

"ಅಕ್ಕನ ಮನೇಲಿ."

ಅಕ್ಕ! ಮೂರನೇ ದಿನ ಬಂದು, "ನನ್ನ ತಮ್ಮ ಅಂಗಡೀಲೇ ಸಿಕ್ಕಾಕ್ಕೊಂಡಿದ್ದ ಕಣೇ" ಎಂದು ಸೆರಗಿನಲ್ಲಿ ಇವಳ ಕಣ್ಣೊರೆಸಿದ ಮಹಾತಾಯಿ.

"ಮನೆಗೆ ಯಾಕೆ ಬರ್ಲಿಲ್ಲ?"

ಅವನು ಒಣಗಿದ ಟವೆಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಬಂದಿದ್ದೆ. ಬಾಗಿಲ ತನಕ ಬಂದಿದ್ದೆ ಕಣೆ. ಒಳಗೆ ನೀನು ಕಿರುಚ್ತಿದ್ದೆ, ನನ್ನನ್ನೇ ಕರೀತಿದ್ದೆ. ಹೆದರಿಬಿಟ್ಟೆ."

"ಬಾಗಿಲು ತೆರೆದಿತ್ತು. ಗಾಳಿಗೆ ಮುಚ್ಚಿಕೊಳ್ಳೋ ಮುಂಚೆ—"

"ಗಾಳಿ ಅಲ್ಲ." ಅವನು ತಲೆಯೆತ್ತಲಿಲ್ಲ. "ನಾನೇ ಎಳ್ದಿದ್ದು. ನಿನ್ನ ಕೂಗು ಕೇಳೋಕಾಗ್ಲಿಲ್ಲ."

ಅವಳು ಅವನ ಕೈಯಿಂದ ಟವೆಲನ್ನು ಕಿತ್ತುಕೊಂಡಳು. ಇಷ್ಟು ವರ್ಷ ಯಾವನೋ ಕೊಲೆಗಾರನಿಗೆ ಹಾಕಿದ ಶಾಪದಲ್ಲಿ ಒಂದು ಪಾಲು ತನ್ನ ಮಗ್ಗುಲಲ್ಲೇ ಮಲಗುವವನದು! ಆ ಸುಳ್ಳಿಗೆ ತಾನೇ ಗಾಳಿಯ ಮಾತು ಸೇರಿಸಿ, ಜನರನ್ನು ನಗಿಸಿ, ತನ್ನ ಕೂಸನ್ನು ಅದರಡಿಯಲ್ಲಿ ಹೂತಿಟ್ಟಳಲ್ಲ! ಅಳು ಬರಲಿಲ್ಲ.

ಹೊರಗೆ ಯಾರೋ ಬಾಗಿಲು ಬಡಿದರು. ಪ್ರತಿ ವರ್ಷದ ಗಿರಾಕಿಗಳು. "ಏನ್ ಯಜಮಾನ್ರೇ, ಇವತ್ತೂ ಕರ್ಫ್ಯೂನಾ? ಕತೆ ಇಲ್ವಾ?"

"ಬೇಡ ಕಣೆ," ಎಂದ ಗಂಡ, ಮೆಲ್ಲಗೆ.

ಅವಳು ಎರಡೂ ಕದಗಳನ್ನು ಗೋಡೆಗೆ ತಾಗುವ ತನಕ ತಳ್ಳಿ ತೆರೆದಳು.

"ಬನ್ನಿ, ಕೂತ್ಕೊಳ್ಳಿ," ಎಂದಳು. "ಈ ಸಲ ನಾನು ಹೇಳ್ತೀನಿ."