ಸರ್ವರ್ ಹೂಂ ಅನ್ನುವ ಮೊದಲೇ

೧
ಈ ಕಥೆ ಎಲ್ಲಿಂದ ಶುರು ಮಾಡಲಿ ಹೇಳಿ? "ಅವನಿಗೆ ಹೊಟ್ಟೆಕಿಚ್ಚು" ಅಂತ ಬರೆದೆ, ಹೊಡೆದುಹಾಕಿದೆ. ಮೊದಲ ಸಾಲಲ್ಲೇ ಮಾನ ತೆಗೆದರೆ ಎರಡನೇ ಸಾಲಿಗೆ ಅವನು ಬರುತ್ತಾನಾ? "ಅವನೊಬ್ಬ ಕಲಾವಿದ" ಅಂತ ಬರೆದೆ. ನನಗೇ ನಗು ಬಂತು.

ಇರಲಿ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡುವ ಆಫೀಸು. ಬಟನ್ ಒತ್ತಿದ ಮೇಲೆ ಉತ್ತರ ಬರುವ ತನಕ ಫೋನಿನಲ್ಲಿ ಗಿರಗಿರ ತಿರುಗುತ್ತದಲ್ಲ, ಆ ಚಕ್ರ ಅವನದು. ಆರು ವರ್ಷದಿಂದ ಅದನ್ನೇ ತಿದ್ದುತ್ತಿದ್ದಾನೆ. ಆಫೀಸಿನವರು ಚಕ್ರಪಾಣಿ ಅಂತ ಬಿರುದು ಕೊಟ್ಟಿದ್ದಾರೆ.

೨
ಮೂರು ತಿಂಗಳ ಹಿಂದೆ ಹೊಸಬಳೊಬ್ಬಳು ಬಂದಳು. ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಚಕ್ರದ ಕೆಳಗಿದ್ದ "ದಯವಿಟ್ಟು ನಿರೀಕ್ಷಿಸಿ" ಕಿತ್ತು, "ಡಾಕ್ಟರ ಡೈರಿ ನೋಡ್ತಿದ್ದೀವಿ, ಒಂದ್ನಿಮಿಷ" ಅಂತ ಹಾಕಿದಳು. ಬುಕ್ ಆದಾಗ ಬರುವ ಹಸಿರು ಪಟ್ಟಿಗೆ "ಆಯ್ತು! ಇನ್ನು ನಿಶ್ಚಿಂತೆಯಿಂದಿರಿ." ಜನ ಮೆಚ್ಚಿದರು. ಮ್ಯಾನೇಜರು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದರು. ಅದೂ ಹೋಗಲಿ, ಮನೆಯಲ್ಲಿ ಅವನ ಹೆಂಡತಿಯೇ ಫೋನ್ ನೋಡಿ ನಕ್ಕಳು.

"ರೀ, ಇದನ್ನ ಬರೆದಿದ್ದು ಯಾರು? ಎಷ್ಟು ಚೆನ್ನಾಗಿದೆ!"

"ಚಕ್ರ ನೋಡಿದೆಯಾ?"

"ಯಾವ ಚಕ್ರ?"

೪
(ಮೂರರಲ್ಲಿ ಅವನ ಹೊಟ್ಟೆಯುರಿಯನ್ನು ಅರ್ಧ ಪುಟ ಬಣ್ಣಿಸಿದ್ದೆ. ಓದಿ ನೋಡಿದರೆ ಅದು ನನ್ನದೇ. ನಮ್ಮನೆಯಲ್ಲೂ ಬೇರೆಯವರ ಕಥೆ ಓದಿಯೇ ನಗುತ್ತಾರೆ. ಹರಿದು ಬಿಸಾಕಿದೆ.)

ಈಗ ಅವನ ಘನಕಾರ್ಯ. ಹಸಿರು ಪಟ್ಟಿ ಬರಬೇಕಾದದ್ದು ಸರ್ವರ್ ಬುಕಿಂಗ್ ಬರೆದುಕೊಂಡು ಹೂಂ ಅಂದ ಮೇಲೆ. ಅವನು ಬಟನ್ ಒತ್ತಿದ ತಕ್ಷಣ ಬರುವ ಹಾಗೆ ಮಾಡಿದ. ಕಾಯುವುದೇ ಇಲ್ಲದಿದ್ದರೆ ಅವಳ ಡೈರಿ ಸಾಲನ್ನು ಓದುವವರು ಯಾರು? ತನ್ನ ಚಕ್ರವೂ ಮಾಯವಾಗುತ್ತೆ, ಆಗಲಿ! ತನ್ನ ಮೂಗು ಕೊಯ್ದುಕೊಂಡು ಇನ್ನೊಬ್ಬರಿಗೆ ಅಪಶಕುನ ಮಾಡುವುದು ಅಂದರೆ ಇದೇ ನೋಡಿ. ಏನು ಬದಲಾಯಿಸಿದೆ ಅಂತ ಆಫೀಸಿಗೆ ತಿಳಿಸುವ ಜಾಗದಲ್ಲಿ "ಬಣ್ಣ ತಿದ್ದಿದೆ" ಅಂತ ಬರೆದ. ಬಣ್ಣ ತಾನೇ ಅಂತ ಯಾರೂ ತೆರೆದು ನೋಡಲಿಲ್ಲ. ಆಫೀಸಿನ ವೈಫೈನಲ್ಲಿ ಎಲ್ಲ ಸರಿಯಾಗೇ ಇತ್ತು.

"ನನ್ನ ಬಗ್ಗೆ ಹೀಗೆಲ್ಲ ಬರೀಬೇಡಿ," ಅಂದ ಚಕ್ರಪಾಣಿ.

"ಮಾಡಿದ್ದು ನೀನೇ ತಾನೇ?"

"ಮಾಡಿಸಿದ್ದು ನೀವು."

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಾನು ತೆಪ್ಪಗೆ ಮುಂದಕ್ಕೆ ಹೋದೆ.

೫
ಸಿಗ್ನಲ್ ಕೈಕೊಟ್ಟ ಕಡೆ ಒತ್ತಿದವರ ಬುಕಿಂಗ್ ಸರ್ವರಿಗೆ ಮುಟ್ಟಲೇ ಇಲ್ಲ. ಹಸಿರು ಪಟ್ಟಿ ಮಾತ್ರ ಬಂತು. ಸೋಮವಾರ ನಲವತ್ತಮೂರು ಜನ ಆಸ್ಪತ್ರೆಗೆ ಹೋದರೆ ಒಬ್ಬರ ಹೆಸರೂ ಇಲ್ಲ. ಅವರಲ್ಲಿ ಒಬ್ಬರು ಅಜ್ಜಿ ಊದಿದ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದ್ದರಂತೆ.

"ನಿಶ್ಚಿಂತೆಯಿಂದಿರಿ ಅಂದಿದ್ದು ಯಾರ್ರೀ?" ಮ್ಯಾನೇಜರು ಕೂಗಾಡಿದರು.

ಅಂದವಳು ಅವಳೇ. ಶುಕ್ರವಾರದೊಳಗೆ ತಪ್ಪು ಎಲ್ಲಿ ಅಂತ ತೋರಿಸದಿದ್ದರೆ ಕೆಲಸ ಇಲ್ಲ ಅಂದರು.

ಮುಕ್ತಾಯ ಅ: ಅವನು ಎದ್ದು ನಿಂತು ಒಪ್ಪಿಕೊಂಡ. (ನೀವು ನಂಬ್ತೀರಾ? ನಾನಂತೂ ಇಲ್ಲ.)

ಮುಕ್ತಾಯ ಆ: ಅವಳು ಕೆಲಸ ಬಿಟ್ಟು ಹೋದಳು. "ದಯವಿಟ್ಟು ನಿರೀಕ್ಷಿಸಿ" ಮತ್ತೆ ಬಂತು.

"ಇದು ಬೇಡ," ಅಂದ ಅವನು.

"ಯಾಕಪ್ಪಾ? ನೀನು ಬಯಸಿದ್ದು ಇದೇ ಅಲ್ವಾ?"

"ಇಷ್ಟೊಂದು ಬಯಸಿರಲಿಲ್ಲ."

ನಾವಿಬ್ಬರೂ ಹೀಗೆ ಚೌಕಾಸಿ ಮಾಡುತ್ತಿರುವಾಗಲೇ, ನಾನು ಬರೆಯದೆಯೇ ಅವಳು ಲ್ಯಾಪ್‌ಟಾಪ್ ಹಿಡಿದು ಅವನ ಟೇಬಲ್ ಹತ್ತಿರ ಬಂದಳು. ಗುರುವಾರ ಮಧ್ಯಾಹ್ನ. ಕಣ್ಣು ಕೆಂಪಗಿತ್ತು.

"ಸರ್, ಮೂರು ದಿನದಿಂದ ಹುಡುಕ್ತಿದ್ದೀನಿ, ಸಿಗ್ತಿಲ್ಲ. ಒಂದ್ಸಲ ನೋಡಿಕೊಡ್ತೀರಾ? ನಿಮ್ಮಷ್ಟು ಇದು ಗೊತ್ತಿರೋರು ಇಲ್ಲಿ ಇನ್ಯಾರಿದ್ದಾರೆ?"

ಆರು ವರ್ಷದಲ್ಲಿ ಒಬ್ಬರೂ ಅವನಿಗೆ ಹೇಳದ ಮಾತು ಅದು.

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಅವನು ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಏನೂ ಹೇಳಿಕೊಡಲಿಲ್ಲ. ನೀವೂ ಹೇಳಿಕೊಡಬೇಡಿ.