ಎಂಟನೆಯ ಕಂಬಿ

ನಮ್ಮ ಲಾಂಡ್ರಿಯ ಹಿಂದಿನ ಕೋಣೆಗೆ ಇರುವುದು ಒಂದೇ ಕಿಟಕಿ. ಅದಕ್ಕೆ ಹದಿಮೂರು ಕಂಬಿ. ಕಂಬಿಯಾಚೆ ಕೈ ಚಾಚಿದರೆ ಪಕ್ಕದ ಕಟ್ಟಡದ ಗೋಡೆ. ಆ ಗೋಡೆಗೆ ಬಡಿದು ಒಳಗೆ ಬೀಳುವ ಬೆಳಕಿನಲ್ಲೇ ನಾನು ಮೂವತ್ತೊಂಬತ್ತು ವರ್ಷ ರಫು ಮಾಡಿದ್ದೇನೆ. ರಫು ಎಂದರೆ ಹರಿದ ಕಡೆ ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ ತಂದು, ಒಂದರ ಮೇಲೆ ಒಂದರ ಕೆಳಗೆ ನೇಯ್ದು, ಹರಿದಿತ್ತು ಎಂಬ ಗುರುತೇ ಉಳಿಯದ ಹಾಗೆ ಮುಚ್ಚುವುದು. ಮಾಡಿದ್ದು ಕಣ್ಣಿಗೆ ಬಿತ್ತೋ, ಕೆಲಸ ಕೆಟ್ಟಿತು.

ಅಂಗಡಿ ನನ್ನ ತಮ್ಮನದು. ಮನೆ ಅಂಗಡಿಯ ಮೇಲೇ. ಗಂಡ ಹೋದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಇಲ್ಲಿಗೆ ಬಂದೆ, ಹಾಗೇ ಉಳಿದೆ. ಒಳಗಿನ ಮೆಟ್ಟಿಲು ಇಳಿದರೆ ಕೆಲಸ, ಹತ್ತಿದರೆ ಊಟ. ವಾರಗಟ್ಟಲೆ ಚಪ್ಪಲಿ ಮೆಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ತಮ್ಮ ಕೆಟ್ಟವನಲ್ಲ. ನನಗೆ ಜ್ವರ ಬಂದರೆ ಬಿಸಿನೀರು ತಾನೇ ಹೊತ್ತು ತರುತ್ತಾನೆ. ಆದರೆ ಎಲ್ಲಿಗಾದರೂ ಹೊರಟೆ ಎಂದರೆ ಸಾಕು, "ಇಲ್ಲಿ ನಿನಗೇನಕ್ಕ ಕಮ್ಮಿ ಆಗಿರೋದು?" ಎನ್ನುತ್ತಾನೆ. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಹೊರಡುವ ಹೊತ್ತೇ ಮೀರಿರುತ್ತದೆ.

ಅಕ್ಷರ ಕಲಿಯಲು ಅವನು ಬಿಟ್ಟದ್ದೂ ಅಂಗಡಿಗಾಗಿಯೇ. ಒಮ್ಮೆ ಚೀಟಿ ಓದಲು ಬಾರದೆ ಒಬ್ಬರ ಕೋಟನ್ನು ಇನ್ನೊಬ್ಬರ ಚೀಲಕ್ಕೆ ತುಂಬಿದ್ದೆ. ಐವತ್ತೆಂಟನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಸೇರಿದೆ. ಓದು ಬಂದ ಮೇಲೂ ಹೋಗುವುದು ನಿಲ್ಲಲಿಲ್ಲ. ಅದೇ ಕಟ್ಟಡದಲ್ಲಿ ಮಂಗಳವಾರ, ಗುರುವಾರ ಸಂಜೆ ಚಿತ್ರಕಲೆ ಶುರುವಾದಾಗ ಹೆಸರು ಕೊಟ್ಟೆ. ತಮ್ಮ ನಕ್ಕ. "ಹೋಗ್ಲಿ ಬಿಡು, ಎರಡು ಸಂಜೆ ಬಣ್ಣ ಬಳ್ಕೊಂಡು ಬರ್ಲಿ ಪಾಪ," ಎಂದು ಹೆಂಡತಿಗೆ ಹೇಳಿದ್ದು ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಕೇಳಿಸಿತ್ತು.

ಕೊನೆಯ ಪಾಠಕ್ಕೆ ಮೇಡಂ ಒಂದು ಚಿತ್ರದ ಅಚ್ಚುಪ್ರತಿ ತಂದು ಹಲಗೆಗೆ ಸಿಕ್ಕಿಸಿದರು. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರ ಕಾಲದ್ದಂತೆ. ಬಿಳಿ ಉಡುಪಿನ ಹೆಂಗಸೊಬ್ಬಳು ಮೇಲಂತಸ್ತಿನ ಮೊಗಸಾಲೆಯಲ್ಲಿ ಹಸಿರು ಕಂಬಿಗಳ ಹಿಂದೆ ನಿಂತಿದ್ದಾಳೆ. ಕೆಳಗೆ ಬೀದಿ. ಹತ್ತಿರ ಹೋದರೆ ಬೀದಿಯೇ ಇಲ್ಲ, ಕುಂಚದ ತುದಿಯಿಂದ ಚುಚ್ಚಿದ ಹಳದಿ, ನೀಲಿ, ಕೆಂಪು ಚೂರುಗಳು. ಆರು ಹೆಜ್ಜೆ ಹಿಂದೆ ಸರಿದರೆ ಗಾಡಿ, ಮರ, ಕೊಡೆ ಹಿಡಿದ ಜನ, ಎಲ್ಲ ಓಡಾಡತೊಡಗುತ್ತವೆ.

"ಇದನ್ನ ಮೊದ್ಲು ಬಿಡಿಸಿ ನೋಡಿ," ಎಂದರು ಮೇಡಂ. "ತೂಕ ಎಲ್ಲಿದೆ, ಲಯ ಎಲ್ಲಿದೆ, ಕಣ್ಣು ಮೊದ್ಲು ಎಲ್ಲಿಗೆ ಹೋಗುತ್ತೆ, ಆಮೇಲೆ ಎಲ್ಲಿಗೆ. ಬರ್ಕೊಳ್ಳಿ. ಕಂಬಿ ಕಂಬಿ ನಡುವೆ ಚಿತ್ರಕಾರ ಎಷ್ಟು ಜಾಗ ಬಿಟ್ಟಿದ್ದಾನೆ ಅಂತನೂ ಎಣಿಸಿ."

"ಕಂಬಿ ಎಣಿಸೋಕಾ ಮೇಡಂ ಈ ವಯಸ್ಸಲ್ಲಿ ಸ್ಕೂಲಿಗೆ ಸೇರಿದ್ದು?" ಎಂದರು ಡ್ರೈವರಣ್ಣ. ಬಸ್ಸು ಓಡಿಸಿ ನಿವೃತ್ತರಾದವರು, ನನ್ನ ಪಕ್ಕದ ಬೆಂಚು. "ಅಲ್ಲಾ, ಈಯಮ್ಮ ನಿಂತಿರೋ ಜಾಗ ನೋಡಿ. ಹಿಂದಗಡೆ ಕತ್ತಲೆ, ಮುಂದಗಡೆ ಟ್ರಾಫಿಕ್ಕು. ಹಾರ್ನ್ ಹೊಡೆದ್ರೂ ಕದಲಲ್ಲ."

ಎಲ್ಲರೂ ನಕ್ಕರು. ನಾನು ನಗುತ್ತಲೇ ಎಣಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: ಹಿಂದಿನ ಕೋಣೆ ಕಪ್ಪು, ಅದಕ್ಕೇ ಬಿಳಿ ಉಡುಪು ಎದ್ದು ಕಾಣುತ್ತದೆ. ಹೆಂಗಸು ಎಡಕ್ಕೆ, ಬೀದಿಯ ಗದ್ದಲ ಬಲಕ್ಕೆ, ತಕ್ಕಡಿ ಸರಿಯಾಗಿದೆ. ಕಂಬಿಗಳು ಸಮಸಮ ದೂರ, ಅದೇ ಲಯ. ಎಂಟನೆಯ ಕಂಬಿ ಇಲ್ಲ, ಬಿಟ್ಟುಹೋಗಿದೆ.

'ಬಿಟ್ಟುಹೋಗಿದೆ' ಎಂದೇ ಬರೆದೆ. ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದರೆ ನಾನು ಹಾಗೇ ಗುರುತು ಹಾಕಿಕೊಳ್ಳುವುದು.

"ಈಗ ಇದನ್ನೇ ನಿಮ್ಮದು ಮಾಡ್ಕೊಂಡು ಮುಂದಿನ ಶನಿವಾರ ಮಧ್ಯಾಹ್ನ ಬನ್ನಿ, ಎಲ್ಲರದ್ದೂ ನೋಡೋಣ. ನಿಮ್ಮ ಜಾಗ, ನಿಮ್ಮ ಕೈಗೆ ಒಗ್ಗಿದ ಸಾಮಾನು. ಆದ್ರೆ ಬಿಡಿಸಿ ನೋಡಿದ್ದು ಮರೀಬೇಡಿ," ಎಂದು ಹೇಳಿ ಮೇಡಂ ತರಗತಿ ಬಿಟ್ಟರು. ನನ್ನನ್ನು ಮಾತ್ರ ಬಾಗಿಲ ಬಳಿ ನಿಲ್ಲಿಸಿಕೊಂಡರು.

ದೊಡ್ಡ ಊರೊಂದರ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವ ವಿಭಾಗವಿದೆಯಂತೆ. ಅಲ್ಲಿ ಸೂಜಿ ಬಲ್ಲವರು ಬೇಕು. ಇರಲು ಒಂದು ಕೋಣೆ ಕೊಡುತ್ತಾರೆ. ರೈಲಿನಲ್ಲಿ ಎರಡು ಗಂಟೆ ದಾರಿ. "ಅದೇ ಶನಿವಾರ ಹೆಸರು ಕಳಿಸ್ಬೇಕು ಅಮ್ಮ, ಸೋಮವಾರದಿಂದ್ಲೇ ಕೆಲಸ. ನಿಮ್ಮದು ಬರೀಲಾ?"

"ಮನೇಲಿ ಕೇಳಿ ಹೇಳ್ತೀನಿ ಮೇಡಂ."

ಕೇಳಲಿಲ್ಲ. ಎರಡು ಸಲ ಬಾಯಿವರೆಗೆ ಬಂತು. ಒಂದು ಸಲ ತಮ್ಮ ಗಿರಾಕಿಯೊಬ್ಬರಿಗೆ ಹೇಳುತ್ತಿದ್ದ, "ನಿಧಾನ ಆದ್ರೂ ಪರವಾಗಿಲ್ಲ ಸಾರ್, ಇಲ್ಲೇ ಬಿಟ್ಟು ಹೋಗಿ. ನಮ್ಮಕ್ಕ ಎಲ್ಲಿ ಹೋಗ್ತಾಳೆ?" ಇನ್ನೊಂದು ಸಲ ಊಟಕ್ಕೆ ಕೂತಿದ್ದಾಗ ಅವನ ಹೆಂಡತಿ ಮೊಣಕಾಲು ತಿಕ್ಕಿಕೊಳ್ಳುತ್ತ, "ಅತ್ತಿಗೆ ಒಬ್ರು ಇರೋದಕ್ಕೆ ಈ ಮನೆ ನಡೀತಿದೆ ನೋಡಿ," ಎಂದಳು. ಹೊಗಳಿಕೆಯೇ. ತುತ್ತಿನ ಜೊತೆ ನನ್ನ ಮಾತನ್ನೂ ನುಂಗಿದೆ.

ಹೀಗಾಗಿ ಹೇಳಬೇಕಾದದ್ದನ್ನೆಲ್ಲ ಬಿಟ್ಟು ಬಟ್ಟೆ ಹಿಡಿದು ಕೂತೆ. ಯಾರೂ ಕೇಳಿಕೊಂಡು ಬಾರದ ಬಟ್ಟೆಗಳ ಮೂಟೆಯೊಂದು ನಮ್ಮಲ್ಲಿ ಸದಾ ಇರುತ್ತದೆ. ಕಪ್ಪು ಕೋಟಿನ ಬೆನ್ನು ಹಿನ್ನೆಲೆಯ ಕೋಣೆಯಾಯಿತು. ಬಿಳಿ ಅಂಗಿಯ ಕೆಳಭಾಗ ಹೆಂಗಸಾಯಿತು. ಪಕ್ಕದ ಕಟ್ಟಡದ ಗೋಡೆಯನ್ನು ಒಡೆದು ತೆಗೆದೆ, ಬಟ್ಟೆಯಲ್ಲಿ. ಅಲ್ಲಿ ಬೀದಿ ಬೇಕಿತ್ತು. ಟೈಗಳ, ರವಿಕೆಗಳ, ಮಕ್ಕಳ ಫ್ರಾಕುಗಳ ಚೂರುಗಳನ್ನು ಉಗುರಿನಷ್ಟಗಲ ಕತ್ತರಿಸಿ ಒಂದೊಂದೇ ಹೊಲಿಗೆಯಲ್ಲಿ ಸಿಕ್ಕಿಸುತ್ತ ಹೋದೆ. ಹತ್ತಿರದಿಂದ ಕಸ. ಬಾಗಿಲ ತನಕ ಹೋಗಿ ತಿರುಗಿ ನೋಡಿದರೆ ಜನ ನಡೆಯುತ್ತಿದ್ದರು. ಕೊನೆಗೆ ಹಸಿರು ದಾರದಲ್ಲಿ ಕಂಬಿ ನೇಯ್ದೆ.

ಶುಕ್ರವಾರ ತಮ್ಮನ ಹೆಂಡತಿ ನೋಡಿದಳು. "ಅಯ್ಯ, ಇದು ನಮ್ಮ ಕಿಟಕೀನೇ ಅಲ್ವಾ ಅತ್ತಿಗೆ! ಒಂದು ಕಂಬಿ ಆಚೆ ಈಚೆ ಇಲ್ಲ." ಗಂಡನನ್ನು ಕರೆದಳು. ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ. ಅವನ ಕಣ್ಣು ತುಂಬಿಬಂದದ್ದು ಸುಳ್ಳಲ್ಲ.

"ಇದನ್ನ ಗಾಜು ಹಾಕ್ಸಿ ಕೌಂಟರ್ ಹಿಂದೆ ತೂಗುಹಾಕ್ತೀನಿ ಅಕ್ಕ. ಬಂದವರು ನೋಡ್ಲಿ, ರಫು ಅಂದ್ರೆ ಏನು ಅಂತ." ಆಗಲೇ ಮೊಳೆ ಹುಡುಕಲು ಹೋದ.

ಶನಿವಾರ ಮಧ್ಯಾಹ್ನ ಎಲ್ಲರ ಕೆಲಸವನ್ನೂ ತರಗತಿಯ ಗೋಡೆಗೆ ತೂಗುಹಾಕಿದರು. ಡ್ರೈವರಣ್ಣ ಬಸ್ಸಿನ ಮುಂಗಾಜಿನಿಂದ ಕಾಣುವ ಬೀದಿ ಬರೆದಿದ್ದರು. ಬಿಳಿ ಉಡುಪಿನ ಹೆಂಗಸು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುತ್ತಿದ್ದಳು. ಮೇಡಂ ನನ್ನದರ ಮುಂದೆ ಬಂದು ನಿಂತರು. ಹಿಂದೆ ಸರಿದರು, ಹತ್ತಿರ ಬಂದರು, ಮತ್ತೆ ಸರಿದರು. "ಬೀದಿ ಎಷ್ಟು ಚೆನ್ನಾಗಿದೆ ಅಮ್ಮ," ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ನನಗ್ಯಾಕೋ ಉಸಿರು ಕಟ್ಟುತ್ತಲ್ಲ? ಈಕೆ ಬೀದೀನ ನೋಡ್ತಾನೇ ಇಲ್ಲ, ಕಂಬೀನ ನೋಡ್ತಿದ್ದಾಳೆ."

ಅಚ್ಚುಪ್ರತಿ ತಂದು ಪಕ್ಕದಲ್ಲಿ ಹಿಡಿದರು. ಬೆರಳಿನಿಂದ ಎಣಿಸಿದರು. ಏಳಕ್ಕೆ ಬೆರಳು ನಿಂತಿತು. ಎಂಟನೆಯದು ಇರಬೇಕಾದ ಜಾಗ ಬರಿದು. ಆ ಬರಿದು ಜಾಗದಿಂದಲೇ ಬೀದಿಯ ಬೆಳಕು ಆಕೆಯ ಮೊಣಕೈ ಮೇಲೆ ಬಿದ್ದಿತ್ತು. ಅಲ್ಲಿಂದಲೇ ನೋಡುವವರ ಕಣ್ಣು ಹೊರಗೆ ಹೋಗುತ್ತಿತ್ತು. ನನ್ನ ಬಟ್ಟೆಯಲ್ಲಿ ಹದಿಮೂರಕ್ಕೆ ಹದಿಮೂರೂ ಇದ್ದವು.

"ಎಂಟನೇದು ನೀವು ಹಾಕಿಬಿಟ್ಟಿದ್ದೀರಿ."

"ಬಿಟ್ಟುಹೋಗಿದೆ ಅಂದ್ಕೊಂಡೆ ಮೇಡಂ. ಪಾಪ, ಮರೆತಿರ್ಬೇಕು ಅಂತ..." "ರಫು ಮಾಡಿಬಿಟ್ಟೆ."

ಡ್ರೈವರಣ್ಣ ಕಿಸಕ್ಕನೆ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು.

ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ತಮ್ಮನೂ ಹೇಳಿರಲಿಲ್ಲ, ಅವನ ಹೆಂಡತಿಯೂ. ನನ್ನ ಕೈಯೇ ಹೋಗಿ ಮುಚ್ಚಿತ್ತು. ಮುಚ್ಚಿದ ಹೊತ್ತಿನಲ್ಲಿ ಒಳ್ಳೆಯದನ್ನು ಮಾಡಿದೆ ಎಂಬ ಸಮಾಧಾನವೂ ಆಗಿತ್ತು.

"ಬಿಚ್ಚಿಬಿಡ್ತೀನಿ," ಎಂದು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡೆ. ಕನ್ನಡಕ ಮೂಗಿಗೇರಿಸಿ ದಾರದ ತುದಿ ಹುಡುಕಿದೆ. ಮುಂಬದಿಯಲ್ಲಿ ಇಲ್ಲ. ಹಿಂಬದಿ ತಿರುಗಿಸಿದೆ, ಅಲ್ಲೂ ಇಲ್ಲ. ಸೂಜಿಯ ಮೊನೆಯಿಂದ ಎಳೆ ಎಳೆಯನ್ನೂ ಕೆದಕಿದೆ. ನನ್ನ ಕೆಲಸದ ಶುರು ಎಲ್ಲಿ, ಕೊನೆ ಎಲ್ಲಿ ಎಂದು ನನಗೇ ಸಿಗಲಿಲ್ಲ. ಇಷ್ಟು ವರ್ಷ ನನ್ನ ಹೆಮ್ಮೆಯೇ ಅದಾಗಿತ್ತು, ಯಾರಿಗೂ ಸಿಗಬಾರದು ಎಂಬುದು. ಡ್ರೈವರಣ್ಣ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಹೋದರು.

ಅರ್ಧ ಗಂಟೆಯಾದ ಮೇಲೆ ಚೀಲದಿಂದ ಕತ್ತರಿ ತೆಗೆದೆ.

"ಅಮ್ಮ, ನಿಧಾನ, ಬಟ್ಟೆ ಹಾಳಾಗುತ್ತೆ," ಎಂದರು ಮೇಡಂ.

"ಬೇರೆ ದಾರಿ ಇಲ್ಲ ಮೇಡಂ."

ಮೇಲಿಂದ ಕೆಳಗೆ ಕತ್ತರಿಸಿದೆ. ಕಂಬಿಯ ಜೊತೆ ಹಿಂದಿನ ಬಟ್ಟೆಯೂ ಹೋಯಿತು, ಬೀದಿಯ ನಾಲ್ಕಾರು ಚೂರುಗಳೂ ಉದುರಿದವು. ಎಳೆಗಳು ಎರಡೂ ಕಡೆ ಕೆದರಿ ನಿಂತವು. ನಾನೇ ಮಾಡಿದ ಕೆಲಸವನ್ನು ನನ್ನ ಕೈಯಾರೆ ಹರಿದದ್ದು ಅದೇ ಮೊದಲು. ಎತ್ತಿ ಹಿಡಿದೆ. ತರಗತಿಯ ಕಿಟಕಿಯ ಬೆಳಕು ಆ ಸೀಳಿನಿಂದ ತೂರಿ ನೇರ ನನ್ನ ಮುಖಕ್ಕೆ ಬಿತ್ತು. ಕಣ್ಣು ಕಿರಿದು ಮಾಡಬೇಕಾಯಿತು.

"ನನ್ನ ಹೆಸರು ಬರೀರಿ ಮೇಡಂ," ಎಂದೆ.

ಅಂಗಡಿಗೆ ಬಂದಾಗ ತಮ್ಮ ಸ್ಟೀಮ್ ಇಸ್ತ್ರಿ ಯಂತ್ರದ ಮುಂದಿದ್ದ. ಕೌಂಟರಿನ ಹಿಂದೆ ಮೊಳೆ ಹೊಡೆದಾಗಿತ್ತು. ಬಟ್ಟೆ ಬಿಡಿಸಿ ನೋಡಿದವನ ಮುಖ ಬಾಡಿತು.

"ಅಯ್ಯೋ, ಯಾರಕ್ಕ ಇದನ್ನ ಹರಿದೋರು?"

"ನಾನೇ."

"ನೀನಾ?" ಅವನು ಸೀಳಿನ ಅಂಚುಗಳನ್ನು ಎರಡು ಬೆರಳಲ್ಲಿ ಹತ್ತಿರ ತಂದು ಕೂಡಿಸಿ ನೋಡಿದ. "ಏನೋ ಕೈತಪ್ಪಿರ್ಬೇಕು. ಹೋಗ್ಲಿ ಬಿಡು, ನಿನಗೇನು ಕಷ್ಟ, ಕೂತ್ರೆ ಒಂದು ದಿನದ ಕೆಲಸ. ರಫು ಮಾಡ್ಬಿಡು, ಸೋಮವಾರ ತೂಗುಹಾಕೋಣ."

"ಇದನ್ನ ಮಾಡಲ್ಲ ಕಣೋ. ಸೋಮವಾರ ನಾನು ಇಲ್ಲಿ ಇರಲ್ಲ."

ಯಂತ್ರ ಬುಸ್ಸೆಂದು ಹಬೆ ಬಿಟ್ಟಿತು. ನನ್ನ ಮಾತು ಅದರಲ್ಲೇ ಮುಳುಗಿತು. ಅವನು ಕಿವಿಗೆ ಕೈ ಅಡ್ಡ ಹಿಡಿದು, "ಏನಂದೆ?" ಎಂದ.

ಇಂಥ ಕಡೆಯೇ ನಾನು ಯಾವಾಗಲೂ 'ಏನಿಲ್ಲ' ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಕಾಲು ಆಗಲೇ ಆ ಕಡೆ ತಿರುಗಿತ್ತು ಕೂಡ. ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು, ನನ್ನ ಸ್ಟೂಲು, ಸೂಜಿಯ ಡಬ್ಬಿ, ಹದಿಮೂರು ಕಂಬಿ, ಎಲ್ಲ ಕಾಣುತ್ತಿದ್ದವು.

ಕೈ ಚಾಚಿ ಯಂತ್ರದ ಗುಂಡಿ ಒತ್ತಿದೆ. ಅದು ನಿಂತಿತು.

ಅವನ ಮುಖ ನೋಡುತ್ತ ಇನ್ನೊಂದು ಸಲ ಹೇಳಿದೆ.