ಕೆರೆ ನೀರಲ್ಲಿ ನೆನೆಸಿದ ಕೌಲ್

ತಪ್ಪು ನಂದೇ, ಒಪ್ಕೋತೀನಿ. ಆದ್ರೂ ಆ ವಾಸನೆ ನೆನೆಸ್ಕೊಂಡ್ರೆ ಈಗಲೂ ಎದ್ದು ಕಿಟಕಿ ತೆಗೀತೀನಿ.

ನಮ್ಮ ದೊಡ್ಡಮ್ಮ ಊರಿನ ಅರ್ಧ ಜನಕ್ಕೆ ಕೆರೆಲಿ ಈಜು ಕಲಿಸಿದೋರು. ಸೊಂಟ ಮುರ್ಕೊಂಡ ಮೇಲೆ ಮೂರನೇ ಮಹಡಿಯಿಂದ ಇಳಿದಿಲ್ಲ. ಕೆರೆ ಹೆಂಗಿದೆಯೇ ಅಂತ ದಿನಾ ಕೇಳ್ತಿದ್ರು. ಹಂಗೇ ಇದೆ ಅಕ್ಕ ಅಂತ ಅಮ್ಮ ದಿನಾ ಸುಳ್ಳು ಹೇಳ್ತಿದ್ಳು. ಚರಂಡಿನೆಲ್ಲ ಅದಕ್ಕೆ ತಿರುಗಿಸಿ ಎರಡು ವರ್ಷ ಆಗಿತ್ತು. ದೊಡ್ಡಮ್ಮನಿಗೆ ಗೊತ್ತಾದ್ರೆ ಹಾಸಿಗೆ ಹಿಡೀತಾರೆ ಅಂತ ಮನೆಯವರೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿದ್ರು. ನನ್ನ ಬಾಯಿ ಸಡಿಲ ಅಂತ ನಂಗೆ ಬೇರೆ ಎಚ್ಚರಿಕೆ.

ನಂಗೆ ಆಗಷ್ಟೇ ಉಣ್ಣೆ ಹೆಣಿಗೆ ಹುಚ್ಚು ಹತ್ತಿತ್ತು. ದೊಡ್ಡಮ್ಮನಿಗೆ ಕೆರೆ ಬಣ್ಣದ ಕೌಲ್ ಹೆಣೆದೆ. ಮಫ್ಲರ್ ಥರಾನೇ, ಆದ್ರೆ ತುದಿ ಇಲ್ಲ, ದುಂಡಗೆ, ತಲೆ ಮೇಲಿಂದ ಎಳ್ಕೋಬೇಕು. ಅವರು ಹೇಳ್ತಿದ್ದ ಬಣ್ಣಗಳೇ: ಬೆಳಗಿನ ಬೂದು ನೀಲಿ, ಜೊಂಡಿನ ಹಸಿರು, ದಡದ ಕೆಂಪು ಮಣ್ಣು. ಆರು ಸಲ ಬಿಚ್ಚಿದೆ, ಏಳನೇ ಸಲ ಮುಗೀತು.

ಹೆಣೆದಿದ್ದನ್ನ ನೀರಲ್ಲಿ ನೆನೆಸಿ, ಗುಂಡುಸೂಜಿ ಚುಚ್ಚಿ ಹರಡಿ ಒಣಗಿಸ್ಬೇಕು, ಆಗಲೇ ಕುಣಿಕೆಗಳು ಸರಿಯಾಗಿ ಕೂರೋದು. ನಲ್ಲಿ ನೀರು ಯಾಕೆ, ಕೆರೆ ನೀರಲ್ಲೇ ನೆನೆಸಿದ್ರೆ ಕೆರೆನೇ ಅವರ ಹತ್ರ ಬಂದಂಗಲ್ವಾ ಅನ್ನಿಸ್ತು ನನ್ನ ದಡ್ಡ ತಲೆಗೆ. ಚರಂಡಿ ಈ ಕಡೆ, ಆ ಕಡೆ ದಡ ಪರವಾಗಿಲ್ಲ ಅಂದ್ಕೊಂಡು ಬಕೆಟ್ ಹಿಡ್ಕೊಂಡು ಹೋದೆ.

ಥೂ. ದಡದ ತುಂಬ ಹಳದಿ ನೊರೆ. ಹೊಟ್ಟೆ ಒಡೆದ ಮೀನುಗಳ ಮೇಲೆ ನೊಣ, ಜೊಂಡಿಗೆ ಸಿಕ್ಕಿದ ಡೈಪರ್. ಕಾಲಿಟ್ರೆ ಕಪ್ಪು ಲೋಳೆ ಚಪ್ಪಲಿನೇ ನುಂಗ್ತು. ಮೂಗು ಮುಚ್ಕೊಂಡು ಬಕೆಟ್ ತುಂಬಿದೆ, ಮೂರು ಸಲ ಸೋಸಿದೆ, ನೀರು ತಿಳಿಯಾಗಿ ಕಾಣ್ತು. ನೆನೆಸಿದೆ. ಎರಡು ದಿನ ಬಿಸಿಲಲ್ಲಿ ಒಣಗಿದ ಮೇಲೆ ಮೂಸಿದೆ, ಏನೂ ಇರಲಿಲ್ಲ.

ಉಣ್ಣೆ ಮೈ ಶಾಖಕ್ಕೆ ವಾಸನೆ ಬಿಡತ್ತೆ ಅಂತ ನಂಗೇನು ಗೊತ್ತು?

ದೊಡ್ಡಮ್ಮ ಹಾಕ್ಕೊಂಡ್ರು, ಕನ್ನಡಿ ತರಿಸ್ಕೊಂಡ್ರು, ನನ್ನ ಗಲ್ಲ ಹಿಂಡಿದ್ರು. ಐದೇ ನಿಮಿಷ. ಸತ್ತ ಇಲಿ, ಪಾಯಿಖಾನೆ, ಕೊಳೆತ ಮೊಟ್ಟೆ ಎಲ್ಲ ಒಟ್ಟಿಗೆ ಕೋಣೆ ತುಂಬ್ತು. ಅಮ್ಮ ಕಿಟಕಿ ತೆಗೆದು ಪಕ್ಕದ ಮನೆಯವರನ್ನ ಬೈಯೋಕೆ ಶುರು ಮಾಡಿದ್ಳು. ದೊಡ್ಡಮ್ಮ ಕೌಲ್ ಮೂಗಿಗೆ ಹಿಡಿದ್ರು.

"ಎಲ್ಲಿ ನೆನೆಸಿದ್ದೆ ಇದನ್ನ?"

ಅಮ್ಮ ಕಣ್ಣಲ್ಲೇ ಬೇಡ ಅಂದ್ಳು. ಕೆರೆಲಿ ಅಂದ್ಬಿಟ್ಟೆ.

ದೊಡ್ಡಮ್ಮ ಅಳಲಿಲ್ಲ. ಎಷ್ಟು ದಿನದಿಂದ ಹಿಂಗೆ ಅಂತ ಕೇಳಿದ್ರು. ಎರಡು ವರ್ಷ ಅಂತ ಅಮ್ಮ ಗೊಣಗಿದ್ಳು. ಚಪ್ಪಲಿಗೆ ಮೆತ್ಕೊಂಡಿದ್ದನ್ನ ನೋಡೋ ಹಾಗೆ ಅಮ್ಮನ್ನ ನೋಡಿದ್ರು.

"ನಿನ್ನ ಬಾಯಿ ಇದಕ್ಕಿಂತ ನಾರತ್ತೆ ಕಣೇ."

ಆಮೇಲೆ ಫೋನ್ ಕೊಡು ಅಂದ್ರು ನಂಗೆ. ಊರಿನ ನೀರು, ಚರಂಡಿ ನೋಡ್ಕೊಳ್ಳೋ ಎಂಜಿನಿಯರ್ ದೊಡ್ಡಮ್ಮನ ಈಜು ಶಿಷ್ಯನೇ, ಏಳು ವರ್ಷದೋನಿದ್ದಾಗ ನೀರಿಗೆ ತಳ್ಳಿದ್ರೆ ಚಡ್ಡಿ ಬಿಟ್ಟು ಓಡಿದೋನು. ಬಾರೋ, ನಿಂಗೊಂದು ಉಡುಗೊರೆ ಇದೆ ಅಂತ ಕರೆಸಿದ್ರು. ಆಸಾಮಿ ಹಲ್ಲು ಕಿರ್ಕೊಂಡು ಬಂದ. ದೊಡ್ಡಮ್ಮ ತಮ್ಮ ಕತ್ತಿನಿಂದ ಬಿಸಿಬಿಸಿ ಕೌಲ್ ತೆಗೆದು, ಅವನನ್ನ ಬಗ್ಗಿಸಿ, ತಲೆ ಮೇಲಿಂದ ಮೂಗಿನ ತನಕ ಎಳೆದ್ರು.

"ನಿನ್ನ ಕೆರೆ ಕಣೋ. ನಾನು ಹೇಳೋ ತನಕ ತೆಗೀಬೇಡ."

ಗುರುಗಳ ಮಾತು, ತೆಗೀಲಿಲ್ಲ. ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು, ಮೂರಕ್ಕೆ ಬೇಸಿನ್ ಕಡೆ ಓಡಿದ. ಅವನು ವಾಂತಿ ಮಾಡೋದು ಕೇಳಿ ನಂಗೂ ತಡ್ಕೊಳ್ಳಕ್ಕಾಗಲಿಲ್ಲ, ಅವನ ಹಿಂದೇನೇ ಸರದಿ ನಿಂತೆ.